‘ಕಟ್ಟು’ ಎಂಬ ಮಾತು

ದಿನಕ್ಕೆ ಹತ್ತಾರು ಸಲ ನಾವು ಆಡುವ ಮಾತುಗಳಲ್ಲಿ ಕೆಲವಕ್ಕೆ ಅರ್ಥವೇನೆಂದು ಯಾರೂ ನಮ್ಮನ್ನು ಕೇಳುವುದಿಲ್ಲ. ನಾವೂ ಯಾರನ್ನೂ ಕೇಳುವುದಿಲ್ಲ. ‘ಕಟ್ಟು’ ಅಂಥ ಒಂದು ಮಾತು. ಬೆಳಗ್ಗೆ ಎದ್ದು ಕರುವನ್ನು ಕಟ್ಟಿ ಹಾಲು ಕರೆಯುತ್ತೇವೆ. ಮಕ್ಕಳಿಗೆ ಬುತ್ತಿ ಕಟ್ಟಿ ಶಾಲೆಗೆ ಕಳುಹುತ್ತೇವೆ. ಪಂಚಾಯತಿಗೆ ಹೋಗಿ ತೆರಿಗೆ ಕಟ್ಟುತ್ತೇವೆ. ದಾರಿಯಲ್ಲಿ ಯಾರೋ ಮನೆ ಕಟ್ಟುತ್ತಿರುವುದನ್ನು ನೋಡಿ, ಎಷ್ಟು ಖರ್ಚಾಗಿರಬಹುದೆಂದು ನಿಂತಲ್ಲಿಯೇ ಬೆಲೆ ಕಟ್ಟುತ್ತೇವೆ. ಸಂಜೆ ದೇವರಿಗೆ ಹೂ ಕಟ್ಟುತ್ತೇವೆ. ಆಟಿಯ ತಿಂಗಳಾದರೆ ಮೋಡ ಕಟ್ಟುತ್ತದೆ. ಮಳೆಯಲ್ಲಿ ನೆಂದು ಬಂದವರಿಗೆ ಮೂಗು ಕಟ್ಟುತ್ತದೆ. ರಾತ್ರಿ ಮಗುವನ್ನು ಮಲಗಿಸಲು ಅಜ್ಜಿ ಒಂದು ಕಥೆ ಕಟ್ಟುತ್ತಾಳೆ. ಒಂದೇ ಮಾತು ಬೆಳಗಿನಿಂದ ರಾತ್ರಿಯವರೆಗೆ ಇಷ್ಟು ಕಡೆ ದುಡಿಯುತ್ತದೆ, ಆದರೂ ದಣಿದಂತೆ ಕಾಣುವುದಿಲ್ಲ.

ಇದು ಕನ್ನಡಕ್ಕೆ ಮಾತ್ರ ಸೇರಿದ ಸೊತ್ತಲ್ಲ. 1961ರಲ್ಲಿ ಬರೋ ಮತ್ತು ಎಮನೋ ಎಂಬ ಇಬ್ಬರು ವಿದ್ವಾಂಸರು ಪ್ರಕಟಿಸಿದ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶವನ್ನು ತೆರೆದರೆ ಈ ಶಬ್ದದ ದಾಯಾದಿಗಳೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತಿರುವುದು ಕಾಣುತ್ತದೆ. ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಅದು ಕಟ್ಟು, ತುಳುವಿನಲ್ಲಿ ಕಟ್ಟುನಿ, ಮಲೆಯಾಳದಲ್ಲಿ ಕೆಟ್ಟು. ತಾಳಿ ಕಟ್ಟಿದವನನ್ನು, ಎಂದರೆ ಗಂಡನನ್ನು, ಮಲೆಯಾಳದ ಆಡುಮಾತಿನಲ್ಲಿ ‘ಕೆಟ್ಟಿಯೋನ್’ ಎನ್ನುತ್ತಾರೆ. ಕಾಸರಗೋಡಿನ ಕನ್ನಡಿಗರು ಅದನ್ನು ಮೊದಲ ಸಲ ಕೇಳಿದಾಗ ಆ ಗಂಡ ಯಾವ ರೀತಿಯಲ್ಲಿ ಕೆಟ್ಟನೆಂದು ಯೋಚಿಸಿದರೆ ತಪ್ಪೇನೂ ಇಲ್ಲ. ಇಂಗ್ಲಿಷಿನವರೂ ಈ ಮಾತನ್ನು ನಮ್ಮ ಕಡೆಯಿಂದ ಒಯ್ದಿದ್ದಾರೆ. ಪೂರ್ವ ಕರಾವಳಿಯ ಬೆಸ್ತರು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಮಾಡುತ್ತಿದ್ದ ತೆಪ್ಪಕ್ಕೆ ತಮಿಳಿನಲ್ಲಿ ಕಟ್ಟುಮರಮ್ ಎಂದು ಹೆಸರು. ಅದೇ ‘ಕ್ಯಾಟಮರಾನ್’ ಆಗಿ, ಇಂದು ಪ್ರಪಂಚದ ಎಲ್ಲ ಬಂದರುಗಳಲ್ಲಿ ಎರಡು ಒಡಲಿನ ಹಡಗಿಗೆ ಹೆಸರಾಗಿ ನಿಂತಿದೆ.

ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿಯೂ, ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರವು 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟಿನಲ್ಲಿಯೂ ಈ ಮಾತಿನ ಸಂಸಾರವನ್ನು ನೋಡಬಹುದು. ಆದರೆ ನಿಘಂಟಿನಲ್ಲಿ ಅರ್ಥಗಳು ಸಾಲಾಗಿ ನಿಂತಿರುತ್ತವೆ. ಯಾವುದಕ್ಕೂ ಯಾವುದಕ್ಕೂ ಏನು ನಂಟು ಎಂಬುದನ್ನು ನಾವೇ ಹುಡುಕಬೇಕು. ಅದಕ್ಕೊಂದು ಸುಲಭವಾದ ಉಪಾಯವುಂಟು. ಮಾತಿನ ಅರ್ಥ ತಿಳಿಯಬೇಕಾದರೆ ಅದರ ಎದುರುಮಾತು ಯಾವುದೆಂದು ಕೇಳಬೇಕು. ಗಂಟು ಕಟ್ಟುವುದರ ಎದುರು ‘ಬಿಚ್ಚು’. ಮನೆ ಕಟ್ಟುವುದರ ಎದುರು ‘ಕೆಡಹು’. ಕಟ್ಟೆ ಕಟ್ಟುವುದರ ಎದುರು ‘ಒಡೆ’. ವೇಷ ಕಟ್ಟುವುದರ ಎದುರು ‘ಕಳಚು’. ಕಟ್ಟುವುದೇನೋ ಒಂದೇ, ಆದರೆ ಕಟ್ಟಿದ್ದು ಕೊನೆಗೊಳ್ಳುವ ಬಗೆಗಳು ಬೇರೆ ಬೇರೆ. ಈ ದೀವಟಿಗೆಯನ್ನು ಕೈಯಲ್ಲಿ ಹಿಡಿದು ಉಡುಪಿ, ಕಾಪು, ಮಣಿಪಾಲ, ಕಾರ್ಕಳಗಳ ಸುತ್ತಿನಲ್ಲಿ ಒಂದು ಪ್ರದಕ್ಷಿಣೆ ಬಂದರೆ ‘ಕಟ್ಟು’ವಿನ ಬಹುಪಾಲು ಅರ್ಥಗಳು ಅಲ್ಲಿಯೇ ಸಿಕ್ಕುತ್ತವೆ.

ಮೊದಲು ಉಡುಪಿಯ ರಥಬೀದಿಗೆ ಬನ್ನಿ. ಇಲ್ಲಿ ಉತ್ಸವಕ್ಕೆ ರಥ ಕಟ್ಟುತ್ತಾರೆ, ಚಪ್ಪರ ಕಟ್ಟುತ್ತಾರೆ, ತೋರಣ ಕಟ್ಟುತ್ತಾರೆ. ಇವಕ್ಕೆಲ್ಲ ಎದುರುಮಾತು ‘ಬಿಚ್ಚು’. ಉತ್ಸವ ಮುಗಿದ ಮರುದಿನ ಬಿಚ್ಚಿ, ಹಗ್ಗ ಸುತ್ತಿ, ಮುಂದಿನ ಸಲಕ್ಕೆಂದು ಒಳಗಿಡುತ್ತಾರೆ. ಊರ ದೇವರು ಬಲಿ ಹೊರಟಾಗ ಕುಳಿತು ಪೂಜೆಗೊಳ್ಳುವ ಕಲ್ಲಿನ ಜಗಲಿಗೆ ‘ಕಟ್ಟೆ’ ಎಂದು ಹೆಸರು. ಆ ಪೂಜೆ ಕಟ್ಟೆಪೂಜೆ. ಅಶ್ವತ್ಥದ ಸುತ್ತ ಇರುವುದೂ ಕಟ್ಟೆಯೇ. ಊರಿನ ಮಾತು, ನ್ಯಾಯ, ಹರಟೆ ಎಲ್ಲವೂ ಅಲ್ಲಿ ಬಂದು ಕುಳಿತುಕೊಳ್ಳುತ್ತವೆ.

ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ಪರ್ಯಾಯಕ್ಕೆ ಮೊದಲು ನಡೆಯುವ ಮುಹೂರ್ತಗಳಲ್ಲಿ ಕಟ್ಟಿಗೆ ಮುಹೂರ್ತವೆಂಬುದು ಒಂದು. ಸೌದೆಯನ್ನು ರಥದ ಆಕಾರದಲ್ಲಿ ಅಚ್ಚುಕಟ್ಟಾಗಿ ಒಟ್ಟುತ್ತಾರೆ. ಕಟ್ಟಿಗೆಯನ್ನು ಹೊರೆ ಕಟ್ಟುತ್ತಾರಷ್ಟೆ, ಆದ್ದರಿಂದ ಕಟ್ಟುವಿನಿಂದಲೇ ಕಟ್ಟಿಗೆ ಬಂದಿರಬೇಕೆಂದು ತೋರಬಹುದು. ಆದರೆ ಅದನ್ನು ಸಂಸ್ಕೃತದ ‘ಕಾಷ್ಠ’ಕ್ಕೆ ಸಂಬಂಧಿಸಿ ಹೇಳುವವರಿದ್ದಾರೆ. ಒಂದೇ ಧ್ವನಿಯುಳ್ಳವರೆಲ್ಲ ಒಂದೇ ಮನೆಯವರಲ್ಲ. ಮಾತುಗಳ ನಂಟನ್ನು ಕಿವಿಯೊಂದನ್ನೇ ನಂಬಿ ಕಟ್ಟಬಾರದು.

ಪರ್ಯಾಯವೂ ಒಂದು ಕಟ್ಟಳೆ. ಕಟ್ಟಳೆ ಎಂಬುದು ನಿಜವಾಗಿಯೂ ಕಟ್ಟುವಿನ ಮಗಳೇ. ಹತ್ತು ಜನರನ್ನು ಒಂದು ನಡೆಗೆ ಕಟ್ಟುವ ನಿಯಮ. ಎಂಟು ಮಠಗಳ ಯತಿಗಳು ಒಬ್ಬರಾದ ಮೇಲೊಬ್ಬರು ಕೃಷ್ಣನ ಪೂಜೆಯನ್ನು ವಹಿಸಿಕೊಳ್ಳುತ್ತಾರೆ. ಹಿಂದೆ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸರದಿಯನ್ನು ಹದಿನಾರನೆಯ ಶತಮಾನದಲ್ಲಿ ವಾದಿರಾಜರು ಎರಡು ವರ್ಷಕ್ಕೆ ಗೊತ್ತುಮಾಡಿದರೆಂದು ಪ್ರತೀತಿ. ಒಂದು ಮಠಕ್ಕೆ ಮತ್ತೆ ಸರದಿ ಬರಬೇಕಾದರೆ ಹದಿನಾರು ವರ್ಷವಾಗಬೇಕು. ಈ ಕಟ್ಟಳೆಯಲ್ಲಿ ಗಮನಿಸತಕ್ಕ ವಿಷಯವೊಂದಿದೆ: ಅಧಿಕಾರವನ್ನು ಕೊಡುವ ದಿನವೇ ಅದನ್ನು ಬಿಟ್ಟುಕೊಡಬೇಕಾದ ದಿನವೂ ನಿಶ್ಚಯವಾಗಿರುತ್ತದೆ. ಕಟ್ಟಿದವರು ಬಿಚ್ಚುವ ತುದಿಯನ್ನೂ ಗಂಟಿನ ಹೊರಗೆ ಬಿಟ್ಟಿದ್ದಾರೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ವೇಷದ ಮಾತಿಗೆ ಬರೋಣ. ಬಡಗುತಿಟ್ಟಿನ ಯಕ್ಷಗಾನದ ಮುಂಡಾಸು ಪೆಟ್ಟಿಗೆಯಿಂದ ತೆಗೆದು ತಲೆಗಿಡುವ ಟೊಪ್ಪಿಗೆಯಲ್ಲ. ಅದನ್ನು ಪ್ರತಿ ರಾತ್ರಿಯೂ ವೇಷಧಾರಿಯ ತಲೆಯ ಮೇಲೆಯೇ ಬಟ್ಟೆ ಸುತ್ತಿ ಸುತ್ತಿ ಕಟ್ಟಬೇಕು. ಬಿಗಿ ಹೆಚ್ಚಾದರೆ ತಲೆ ಸಿಡಿಯುತ್ತದೆ. ಸಡಿಲವಾದರೆ ಕುಣಿತದ ನಡುವೆ ಕಳಚಿಬಿದ್ದು ಮಾನ ಹೋಗುತ್ತದೆ. ದೈವದ ಕೋಲದಲ್ಲಿಯೂ ಹಾಗೆಯೇ. ‘ಕೋಲ ಕಟ್ಟುವುದು’ ಎನ್ನುತ್ತಾರೆ. ಬೆನ್ನಿಗೆ ಅಣಿ ಕಟ್ಟುತ್ತಾರೆ, ಕಾಲಿಗೆ ಗಗ್ಗರ ಕಟ್ಟುತ್ತಾರೆ. ಕಟ್ಟಿದ ಮೇಲೆ ಆತ ನೆರೆಮನೆಯ ಮನುಷ್ಯನಲ್ಲ. ಊರಿನ ಯಜಮಾನನೇ ಕೈಮುಗಿದು ನಿಲ್ಲುತ್ತಾನೆ. ಬೆಳಗಾದ ಮೇಲೆ ಕಳಚಿದರೆ ಮತ್ತೆ ಮನುಷ್ಯ. ಒಂದು ರಾತ್ರಿಗೆಂದು ಕಟ್ಟಿ ಬೆಳಗ್ಗೆ ಕಳಚುವ ಈ ಕಟ್ಟಿನಲ್ಲಿ ಎಷ್ಟು ಬಲವಿದೆ ನೋಡಿ. ಶಾಶ್ವತವಾದದ್ದೇ ಗಟ್ಟಿಯಾದದ್ದು ಎಂಬ ನಮ್ಮ ಎಣಿಕೆ ಇಲ್ಲಿ ನಿಲ್ಲುವುದಿಲ್ಲ.

ಉಡುಪಿಯಿಂದ ತೆಂಕಕ್ಕೆ ಹೊರಟರೆ ಕಾಪುವಿನ ಸೀಮೆ. ದಾರಿಯಲ್ಲಿ ಕಟಪಾಡಿಯ ಒಳಗೆ ಶಂಕರಪುರವಿದೆ. ಉಡುಪಿ ಮಲ್ಲಿಗೆ ಎಂದು ಹೆಸರಾದ ಹೂವಿನ ತವರು ಅದು. ನಸುಕಿನಲ್ಲಿ ಮೊಗ್ಗು ಕೊಯ್ದು, ಮನೆಯವರೆಲ್ಲ ಕುಳಿತು, ಬಾಳೆಯ ನಾರಿನಿಂದ ಕಟ್ಟುತ್ತಾರೆ. ಸುಮಾರು ಎಂಟು ನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಧಾರಣೆಯಾಗುವುದು ಅಟ್ಟೆಯ ಲೆಕ್ಕದಲ್ಲಿ. ಹೂವನ್ನು ಸೂಜಿಯಿಂದ ಪೋಣಿಸುವುದೂ ಉಂಟು, ನಾರಿನಿಂದ ಕಟ್ಟುವುದೂ ಉಂಟು. ಇವೆರಡಕ್ಕೆ ಕನ್ನಡದಲ್ಲಿ ಎರಡು ಮಾತು ಇರುವುದು ಸುಮ್ಮನೆ ಅಲ್ಲ. ಪೋಣಿಸಬೇಕಾದರೆ ಹೂವನ್ನು ಚುಚ್ಚಬೇಕು. ಕಟ್ಟುವಾಗ ತೊಟ್ಟನ್ನು ಮೆಲ್ಲಗೆ ಬಳಸಿದರೆ ಸಾಕು. ಹೂವಿಗೆ ನೋವಿಲ್ಲ, ಸರವೂ ಉದುರುವುದಿಲ್ಲ. ಕಟ್ಟುವವಳ ಬೆರಳಿಗೆ ಬಿಗಿಯ ಅಳತೆ ಗೊತ್ತಿರಬೇಕು, ಅಷ್ಟೆ.

ಕಾಪುವಿನ ಕಡಲ ದಂಡೆಗೆ ಹೋದರೆ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಕಾಣುತ್ತದೆ. ಅದು ಕಲ್ಲಿನ ಕಟ್ಟಡ. ಅದರ ಎದುರುಮಾತು ‘ಕೆಡಹು’. ಅದರ ಬೆಳಕನ್ನು ನೋಡಿ ದಡ ಸೇರುತ್ತಿದ್ದ ದೋಣಿಗಳ ಕಟ್ಟು ಬೇರೆ ಬಗೆಯದು. ಪಶ್ಚಿಮ ಕರಾವಳಿಯಲ್ಲಿ ಬಹುಕಾಲ ದೋಣಿಯ ಹಲಗೆಗಳನ್ನು ಕಬ್ಬಿಣದ ಮೊಳೆ ಹೊಡೆದು ಸೇರಿಸುತ್ತಿರಲಿಲ್ಲ. ತೆಂಗಿನ ನಾರಿನ ಹುರಿಯಿಂದ ಹೊಲಿದು ಬಿಗಿಯುತ್ತಿದ್ದರು. ಹದಿನಾಲ್ಕನೆಯ ಶತಮಾನದಲ್ಲಿ ಈ ಕರಾವಳಿಯನ್ನು ಹಾದುಹೋದ ಪ್ರವಾಸಿ ಇಬ್ನ್ ಬತೂತ ಇದಕ್ಕೆ ಕಾರಣವನ್ನೂ ಬರೆದಿಟ್ಟಿದ್ದಾನೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ. ಹುರಿಯಿಂದ ಹೊಲಿದದ್ದು ಸ್ವಲ್ಪ ಬಾಗಿ ಬಳುಕಿ ಉಳಿದುಕೊಳ್ಳುತ್ತದೆ. ನಮ್ಮ ಬಾರ್ಕೂರಿಗೂ ಬಂದಿದ್ದ ಪರದೇಶಿಯೊಬ್ಬನ ಕಣ್ಣಿಗೆ ಬಿದ್ದ ಈ ಸಂಗತಿ ಕಡಲ ಮಕ್ಕಳಿಗೆ ಹುಟ್ಟಿನಿಂದಲೇ ಗೊತ್ತಿತ್ತು. ಅಲುಗಾಡದಂತೆ ಬಿಗಿದದ್ದಕ್ಕಿಂತ ಅಲುಗಾಟವನ್ನು ಸಹಿಸುವ ಕಟ್ಟು ಕಡಲಿನಲ್ಲಿ ಹೆಚ್ಚು ಬಾಳುತ್ತದೆ.

ಅಲ್ಲಿಂದ ಮಣಿಪಾಲದ ಗುಡ್ಡ ಹತ್ತೋಣ. ಮಣ್ಣುಪಳ್ಳ ಎಂಬ ಕೆರೆಯ ಹೆಸರಿನಿಂದ ಮಣಿಪಾಲ ಎಂಬ ಹೆಸರು ಬಂತೆನ್ನುತ್ತಾರೆ. ಬೋಳುಗುಡ್ಡವಾಗಿದ್ದ ಈ ಸ್ಥಳದಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು 1953ರಲ್ಲಿ ವೈದ್ಯಕೀಯ ಕಾಲೇಜನ್ನು ಕಟ್ಟಿದರು. ಅದರೊಂದಿಗೆ ಊರೂ ಕಟ್ಟಿತು. ಊರನ್ನು ಕಟ್ಟುವುದಕ್ಕೆ ಮೊದಲು ಅವರು ಕೈಹಾಕಿದ್ದು ಇನ್ನೊಂದು ಬಗೆಯ ಕಟ್ಟಿಗೆ. 1925ರಲ್ಲಿ ಉಡುಪಿಯಲ್ಲಿ ಅವರೂ ಉಪೇಂದ್ರ ಪೈಗಳೂ ವಾಮನ ಕುಡ್ವರೂ ಕೂಡಿ 8,000 ರೂಪಾಯಿ ಬಂಡವಾಳದಿಂದ ಒಂದು ಬ್ಯಾಂಕನ್ನು ತೆರೆದರು; ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ, ಅಂಗಡಿಯ ಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಪಡೆದು ಬರೆದುಕೊಂಡು ಹೋಗುತ್ತಿದ್ದ. ಜನರು ಅದನ್ನು ‘ಪಿಗ್ಮಿ ಕಟ್ಟುವುದು’ ಎಂದರು. ಬ್ಯಾಂಕು 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ‘ಪಿಗ್ಮಿ ಕಟ್ಟುವುದು’ ಎಂಬ ನುಡಿ ಮಾತ್ರ ಜನರ ಬಾಯಲ್ಲಿ ಉಳಿದಿದೆ.

ಹಣವನ್ನು ಕೊಡುವುದಕ್ಕೆ ‘ಕಟ್ಟು’ ಎಂಬ ಮಾತೇಕೆ? ಕೊಡುವುದೆಲ್ಲ ಕಟ್ಟುವುದಲ್ಲ. ಭಿಕ್ಷುಕನಿಗೆ ಹಣ ಕಟ್ಟಿದೆ ಎನ್ನುವುದಿಲ್ಲ; ಮೀನು ಕೊಂಡಾಗ ಹಣ ಕಟ್ಟಿದೆ ಎನ್ನುವುದಿಲ್ಲ. ತೆರಿಗೆ, ಕಂತು, ಫೀಸು, ಠೇವಣಿ, ದಂಡ ಇವುಗಳನ್ನು ಕಟ್ಟುತ್ತೇವೆ. ಒಂದು ಸಂಬಂಧ ಇದ್ದು, ಒಂದು ವಾಯಿದೆ ಇದ್ದು, ಅದಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸುವುದು ಕಟ್ಟುವುದು. ಸಾಲದ ಮಾತಿನಲ್ಲಿ ಇದು ಇನ್ನೂ ಸೊಗಸಾಗಿದೆ. ಸಾಲವನ್ನು ಕಟ್ಟುತ್ತ ಕಟ್ಟುತ್ತ ಮನುಷ್ಯ ಬಿಡುಗಡೆ ಹೊಂದುತ್ತಾನೆ. ಲೋಕದಲ್ಲಿ ಕಟ್ಟಿದಷ್ಟೂ ಸಡಿಲವಾಗುವ ಗಂಟು ಇದೊಂದೇ ಇರಬೇಕು.

ಮಣಿಪಾಲದಿಂದ ಮೂಡಕ್ಕೆ ಹೋದರೆ ಕಾರ್ಕಳ. ಅಲ್ಲಿಯ ಗುಡ್ಡದ ಮೇಲೆ ವೀರಪಾಂಡ್ಯ ಭೈರರಸನು 1432ರಲ್ಲಿ ನಿಲ್ಲಿಸಿದ ಗೊಮ್ಮಟನಿದ್ದಾನೆ. ಎತ್ತರ ಸುಮಾರು 42 ಅಡಿ. ಅದರ ಸಮೀಪದಲ್ಲಿಯೇ ಇಮ್ಮಡಿ ಭೈರರಸನು 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯಿದೆ. ನಾನು ಒಂದಕ್ಕೆ ‘ನಿಲ್ಲಿಸಿದ’ ಎಂದೆ, ಇನ್ನೊಂದಕ್ಕೆ ‘ಕಟ್ಟಿಸಿದ’ ಎಂದೆ. ಕನ್ನಡ ಬಲ್ಲವರು ಯಾರೇ ಆದರೂ ಹಾಗೆಯೇ ಹೇಳುತ್ತಾರೆ. ಗೊಮ್ಮಟನನ್ನು ಕಟ್ಟಿದರು ಎಂದರೆ ಮಕ್ಕಳೂ ನಗುತ್ತಾರೆ. ಕಾರಣ ಸ್ಪಷ್ಟ: ಗೊಮ್ಮಟ ಏಕಶಿಲೆ. ಒಂದೇ ಆಗಿರುವುದನ್ನು ಕಟ್ಟಲಾಗುವುದಿಲ್ಲ, ಕೆತ್ತಬಹುದು, ನಿಲ್ಲಿಸಬಹುದು. ಕಟ್ಟಬೇಕಾದರೆ ಕಡಿಮೆಯೆಂದರೆ ಎರಡು ಬೇಕು, ಮತ್ತು ಅವೆರಡೂ ಮೊದಲು ಬೇರೆ ಬೇರೆ ಆಗಿರಬೇಕು. ಬಸದಿ ನೂರಾರು ಕಲ್ಲುಗಳ ಕೂಟ. ಆದ್ದರಿಂದ ಅದು ಕಟ್ಟಿದ್ದು. ಆ ಗೊಮ್ಮಟನ ಕಾಲನ್ನೂ ತೋಳನ್ನೂ ಬಳ್ಳಿಗಳು ಸುತ್ತಿಕೊಂಡಿವೆ. ಅವನ್ನು ನೋಡಿಯೂ ‘ಬಳ್ಳಿ ಕಟ್ಟಿಹಾಕಿದೆ’ ಎಂದು ಯಾರೂ ಅನ್ನುವುದಿಲ್ಲ. ‘ಸುತ್ತಿದೆ’ ಎನ್ನುತ್ತೇವೆ. ಎಲ್ಲವನ್ನೂ ಬಿಟ್ಟು ನಿಂತವನನ್ನು ಕಟ್ಟುವುದು ಹೇಗೆ?

ಕಾರ್ಕಳದ ಸೀಮೆಯಲ್ಲಿಯೇ ನಂದಳಿಕೆ ಇದೆ. ಕವಿ ಮುದ್ದಣನ ಊರು. 1870ರಲ್ಲಿ ಹುಟ್ಟಿ 1901ರಲ್ಲಿ ಮೂವತ್ತೊಂದರ ಪ್ರಾಯದಲ್ಲಿಯೇ ತೀರಿಹೋದ ಈತ, ತಾನು ಬರೆದ ಕಾವ್ಯವನ್ನು ತನ್ನದೆಂದು ಹೇಳದೆ, ಹಳೆಯ ಕವಿಯೊಬ್ಬನ ಕೃತಿಯೆಂಬಂತೆ ಅಚ್ಚಿಗೆ ಕಳುಹಿಸಿದ. ಕನ್ನಡದಲ್ಲಿ ‘ಕಥೆ ಕಟ್ಟುವುದು’ ಎಂದರೆ ರಚನೆ; ‘ಕಟ್ಟುಕಥೆ’ ಎಂದರೆ ಸುಳ್ಳು. ಮುದ್ದಣ ಎರಡನ್ನೂ ಒಟ್ಟಿಗೆ ಮಾಡಿದ. ಕಾವ್ಯವನ್ನೂ ಕಟ್ಟಿದ, ಅದಕ್ಕೊಬ್ಬ ಹಳೆಯ ಕವಿಯನ್ನೂ ಕಟ್ಟಿಕೊಟ್ಟ. ಎರಡಕ್ಕೂ ನಮ್ಮ ಭಾಷೆ ಒಂದೇ ಕ್ರಿಯೆಯನ್ನು ಬಳಸುವುದರಲ್ಲಿ ಸ್ವಲ್ಪ ಕುಚೋದ್ಯವಿದೆಯೆಂದು ತೋರುತ್ತದೆ.

ಕಾರ್ಕಳದ ಕಡೆಯ ಘಟ್ಟದಲ್ಲಿ ಹುಟ್ಟುವ ಸ್ವರ್ಣಾ ನದಿ ಪಡುವಣಕ್ಕೆ ಹರಿದು, ಉಡುಪಿಯ ಬಡಗು ಮಗ್ಗುಲಲ್ಲಿ ಕಲ್ಯಾಣಪುರವನ್ನು ಹಾದು ಕಡಲಿಗೆ ಹೋಗುತ್ತದೆ. ನಾವೂ ಅದರ ಜತೆಯಲ್ಲಿ ಹಿಂದಕ್ಕೆ ಬರೋಣ. ಹಿರಿಯಡ್ಕದ ಸಮೀಪ ಬಜೆಯಲ್ಲಿ ಈ ನದಿಗೆ ಕಟ್ಟಿದ ಅಣೆಕಟ್ಟನ್ನು ಉಡುಪಿ ನಗರವೂ ಮಣಿಪಾಲವೂ ಬಹುಕಾಲದಿಂದ ಕುಡಿಯುವ ನೀರಿಗೆ ನಂಬಿಕೊಂಡು ಬಂದಿವೆ. 2019ರ ಬೇಸಗೆಯಲ್ಲಿ ಅಲ್ಲಿ ನೀರು ತಳಕಂಡಾಗ ಆ ಕಟ್ಟು ಎಷ್ಟು ಬಾಯಿಗಳಿಗೆ ಆಧಾರವೆಂಬುದು ಊರಿಗೆಲ್ಲ ತಿಳಿಯಿತು.

ಆದರೆ ನೀರಿನ ಕಟ್ಟಿನ ಜಾಣತನವನ್ನು ನೋಡಬೇಕಾದರೆ ಸಣ್ಣ ತೋಡುಗಳ ಬಳಿಗೆ ಹೋಗಬೇಕು. ಮಳೆಗಾಲ ಮುಗಿದು ನೀರು ಇಳಿಯುತ್ತ ಬಂದಾಗ ಊರಿನವರು ಕೂಡಿ ಕಲ್ಲು, ಮಣ್ಣು, ಸೊಪ್ಪುಗಳಿಂದ ತೋಡಿಗೆ ಅಡ್ಡ ಹಾಕುವುದಕ್ಕೆ ‘ಕಟ್ಟ’ ಎಂದು ಹೆಸರು. ಗದ್ದೆಯ ಎರಡನೆಯ ಬೆಳೆಗೂ, ಬಾವಿಯ ಒರತೆಗೂ ಅದೇ ಆಸರೆ. ಮುಂದಿನ ಮಳೆ ಬಂದಾಗ ನೆರೆನೀರು ಅದನ್ನು ಒಡೆದುಕೊಂಡು ಹೋಗುತ್ತದೆ. ಯಾರೂ ಅಳುವುದಿಲ್ಲ, ಮುಂದಿನ ವರ್ಷ ಮತ್ತೆ ಕಟ್ಟುತ್ತಾರೆ. ಇದೇ ತತ್ತ್ವವನ್ನು ಕಲ್ಲು-ಸಿಮೆಂಟಿನಲ್ಲಿ ತಂದದ್ದು ಕಿಂಡಿ ಅಣೆಕಟ್ಟು. ಸಾಲಾಗಿ ಕಂಬಗಳು, ನಡುನಡುವೆ ಕಿಂಡಿಗಳು. ಮಳೆ ನಿಂತ ಮೇಲೆ ಕಿಂಡಿಗಳಿಗೆ ಎರಡು ಸಾಲು ಹಲಗೆಯಿಳಿಸಿ ನಡುವೆ ಮಣ್ಣು ತುಂಬುತ್ತಾರೆ. ಮಳೆಗೆ ಮುಂಚೆ ಹಲಗೆಗಳನ್ನು ಎತ್ತುತ್ತಾರೆ. ಹಲಗೆಯಿಳಿಸಲು ತಡವಾದರೆ ಬೇಸಗೆಯಲ್ಲಿ ಬಾವಿಯ ನೀರು ಆರುತ್ತದೆ. ಕಡಲು ಹತ್ತಿರವಿದ್ದಲ್ಲಿ ಉಬ್ಬರದ ಉಪ್ಪುನೀರು ಮೇಲೇರಿ ಗದ್ದೆಯನ್ನು ಕೆಡಿಸುತ್ತದೆ. ಎತ್ತಲು ತಡವಾದರೆ ಮೊದಲ ನೆರೆಗೇ ಕಸಕಡ್ಡಿ ಸಿಕ್ಕಿಕೊಂಡು, ನೀರು ದಂಡೆಯನ್ನು ಕೊರೆದು ಗದ್ದೆಗೆ ನುಗ್ಗುತ್ತದೆ. ಕಟ್ಟುವುದರಷ್ಟೇ ಬಿಚ್ಚುವುದೂ ಅಲ್ಲಿ ಕರ್ತವ್ಯ. ಎರಡಕ್ಕೂ ಕಾಲವಿದೆ, ಎರಡಕ್ಕೂ ಊರಿನ ನಾಲ್ಕು ಕೈ ಬೇಕು.

ಇಷ್ಟು ಸುತ್ತಿದ್ದು ಒಂದು ದೊಡ್ಡ ಕಟ್ಟಿನ ಬಾಗಿಲಿಗೆ ಬರುವುದಕ್ಕಾಗಿ. ಈ ನಾಲ್ಕು ಊರುಗಳಲ್ಲಿ ‘ಕಟ್ಟು’ ಎಂಬ ನಾಮಪದವನ್ನು ಬಿಡಿಯಾಗಿ ಹೇಳಿದರೆ ಹಳೆಯ ತಲೆಮಾರಿನವರಿಗೆ ನೆನಪಾಗುವುದು ಹಗ್ಗವಲ್ಲ, ಮನೆತನದ ಕಾನೂನು. ‘ನಿಮ್ಮದು ಯಾವ ಕಟ್ಟು? ಅಳಿಯಕಟ್ಟೋ, ಮಕ್ಕಳಕಟ್ಟೋ?’ ಎಂದು ಕೇಳುವ ಪದ್ಧತಿಯಿತ್ತು. ಆಸ್ತಿ ತಂದೆಯಿಂದ ಮಕ್ಕಳಿಗೆ ಬಂದರೆ ಮಕ್ಕಳಕಟ್ಟು. ತಾಯಿಯ ಸಂತತಿಯಲ್ಲಿ ಇಳಿದು, ಮಾವನಿಂದ ಸೋದರಳಿಯನಿಗೆ ಯಜಮಾನಿಕೆ ಬಂದರೆ ಅಳಿಯಕಟ್ಟು. ಘಟ್ಟದ ಮೇಲಿನ ಓದುಗರು ಇಲ್ಲಿ ಅಳಿಯನೆಂದರೆ ಮಗಳ ಗಂಡನಲ್ಲ, ಅಕ್ಕತಂಗಿಯರ ಮಗನೆಂದು ತಿಳಿಯಬೇಕು. ಬಂಟರು, ಬಿಲ್ಲವರು, ಮೊಗವೀರರು, ತುಳುನಾಡಿನ ಜೈನರು ಮೊದಲಾದವರಲ್ಲಿ ಇದು ನಡೆದುಬಂದಿತ್ತು. ಕಾರ್ಕಳದ ಭೈರರಸರ ಮನೆತನದಲ್ಲಿಯೂ ಇತ್ತು. ಇದರ ಮೂಲಕ್ಕೆ ಒಂದು ಐತಿಹ್ಯವಿದೆ. ಹಡಗನ್ನು ನೀರಿಗಿಳಿಸಬೇಕಾದರೆ ದೈವ ನರಬಲಿಯನ್ನು ಕೇಳಿತಂತೆ. ಒಡೆಯನ ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪಲಿಲ್ಲ. ಒಡೆಯನ ತಂಗಿ ತನ್ನ ಮಗನನ್ನು ಒಪ್ಪಿಸಿದಳು. ದೈವವು ಮೆಚ್ಚಿ ಬಲಿಯನ್ನು ಬಿಟ್ಟು ಆ ಹುಡುಗನಿಗೇ ಸಂಪತ್ತನ್ನು ಕೊಡಿಸಿತು. ಅವನೇ ಭೂತಾಳ ಪಾಂಡ್ಯನಾಗಿ ಬಾರ್ಕೂರಿನಲ್ಲಿ ಆಳಿ ಈ ಕಟ್ಟನ್ನು ವಿಧಿಸಿದನು ಎನ್ನುತ್ತಾರೆ. ಇದು ಚರಿತ್ರೆಯಲ್ಲ, ಕಥೆ. ಆದರೆ ಜನರು ತಮ್ಮ ಕಾನೂನಿಗೆ ಇಂಥ ಕಥೆಯನ್ನೇ ಕಟ್ಟಿಕೊಂಡರೆಂಬುದು ನೆನಪಿಡಬೇಕಾದ ಮಾತು.

ಈ ಕಟ್ಟಿನ ಗುಣವನ್ನು ಮೊದಲು ಹೇಳಬೇಕು. ಹೆಣ್ಣು ಹುಟ್ಟಿದ ಮನೆಯಲ್ಲಿ ಹೊರಗಿನವಳಾಗಲಿಲ್ಲ. ಗಂಡ ತೀರಿಕೊಂಡರೆ ಬೀದಿಗೆ ಬೀಳಲಿಲ್ಲ. ಮನೆಯ ಹಿರಿಯಳಾದವಳು ಯಜಮಾನ್ತಿಯೂ ಆಗಬಹುದಾಗಿತ್ತು. ಭೂಮಿ ಚೂರುಚೂರಾಗಲಿಲ್ಲ. ಆದರೆ ಕಟ್ಟಿಗೆ ಕಿಂಡಿ ಇರಲಿಲ್ಲ. ಯಜಮಾನನಿಗೂ ಉಳಿದವರಿಗೂ ಹೊಂದಿಕೆಯಾಗದಿದ್ದರೆ, ಒಂದು ಕವಲಿನವರು ದುಡಿದು ಇನ್ನೊಂದು ಕವಲಿನವರು ಉಂಡರೆ, ಬೇರೆಯಾಗುವ ದಾರಿಯಿರಲಿಲ್ಲ. 1863ರಲ್ಲಿ ಮದರಾಸಿನ ಹೈಕೋರ್ಟು ಅಳಿಯಸಂತಾನದ ಕುಟುಂಬದಲ್ಲಿ ಒಬ್ಬರು ಕೇಳಿದರೆಂದು ಬಲವಂತವಾಗಿ ಪಾಲು ಮಾಡಿಸುವಂತಿಲ್ಲವೆಂದು ತೀರ್ಪು ಕೊಟ್ಟಿತು. ಎಲ್ಲರೂ ಒಪ್ಪಿದರೆ ಮಾತ್ರ ಪಾಲು. ಎಲ್ಲರೂ ಒಪ್ಪುವ ಮನೆಗೆ ಪಾಲಿನ ಅವಶ್ಯಕತೆ ಎಲ್ಲಿಂದ ಬರಬೇಕು?

ಈಗ ನಮ್ಮ ಹಳೆಯ ಪ್ರಶ್ನೆಯನ್ನು ಕೇಳೋಣ. ಈ ಕಟ್ಟಿನ ಎದುರುಮಾತು ಯಾವುದು? ‘ಬಿಚ್ಚು’ ಅಲ್ಲ. ‘ಮನೆ ಒಡೆಯಿತು’ ಎನ್ನುತ್ತೇವೆ. ‘ಕಟ್ಟು ಮುರಿದ’ ಎನ್ನುತ್ತೇವೆ. ಗಂಟಿಗೂ ಚಪ್ಪರಕ್ಕೂ ವೇಷಕ್ಕೂ ಬಿಚ್ಚುವ, ಕಳಚುವ ಮಾತುಗಳನ್ನು ಕೊಟ್ಟ ಭಾಷೆ, ಮನೆಯ ಕಟ್ಟಿಗೆ ಮಾತ್ರ ಒಡೆಯುವ, ಮುರಿಯುವ ಮಾತುಗಳನ್ನೇ ಕೊಟ್ಟಿತು. ಮಾತು ಹಾಗಿದ್ದಲ್ಲಿ ಮನಸ್ಸೂ ಹಾಗೆಯೇ ಇರುತ್ತದೆ. ಬೇರೆಯಾಗಬೇಕೆಂದವನು ಮನೆಮುರುಕನಾದ, ಸಹಿಸಿಕೊಂಡವರು ಒಳಗೊಳಗೇ ಕುದಿದರು, ಕುದಿದದ್ದು ಕೊನೆಗೆ ನ್ಯಾಯಸ್ಥಾನದಲ್ಲಿ ಉಕ್ಕಿತು.

1949ರಲ್ಲಿ ಮದರಾಸು ಸರಕಾರವು ಅಳಿಯಸಂತಾನದ ಶಾಸನವನ್ನು ಮಾಡಿತು. ಒಬ್ಬ ಹೆಂಗಸು ಮತ್ತು ಅವಳ ಹೆಣ್ಣು ಸಂತತಿಯವರು ಸೇರಿ ಆಗುವ ಕವಲಿಗೆ, ಅಂದರೆ ಕಾಯಿದೆಯ ಭಾಷೆಯಲ್ಲಿ ‘ಕವರು’ವಿಗೆ, ಪಾಲು ಕೇಳುವ ಹಕ್ಕು ಬಂತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಪ್ರತಿಯೊಬ್ಬರ ಅಂಶವೂ ಅವರವರ ವಾರಸುದಾರರಿಗೆ ಇಳಿಯುವಂತೆ ಮಾಡಿತು. ಕಟ್ಟಿಗೆ ಕಿಂಡಿ ಬಿತ್ತು. ಆಗ ಅನೇಕ ಮನೆಗಳಲ್ಲಿ ಭೂಮಿ ಪಾಲಾಯಿತು. ಕೆಲವು ದೊಡ್ಡ ಮನೆಗಳು ಖಾಲಿಯಾದವು, ಕೆಲವು ಬಿದ್ದೂ ಹೋದವು. ಇದನ್ನು ನೆನೆದು ಮರುಗುವವರಿದ್ದಾರೆ. ಅವರ ಮರುಕ ಸುಳ್ಳಲ್ಲ.

ಆದರೆ ಇನ್ನೊಂದು ಸಂಗತಿಯನ್ನೂ ನೋಡಿ. ಭೂಮಿ ಪಾಲಾದ ಎಷ್ಟೋ ಕುಟುಂಬಗಳಲ್ಲಿ ದೈವದ ಚಾವಡಿ ಪಾಲಾಗಿಲ್ಲ. ವರ್ಷಕ್ಕೊಮ್ಮೆ ತಂಬಿಲಕ್ಕೋ ಕೋಲಕ್ಕೋ ಮುಂಬಯಿಯಿಂದ, ಬೆಂಗಳೂರಿನಿಂದ, ಕಡಲಾಚೆಯ ಕೊಲ್ಲಿ ದೇಶಗಳಿಂದಲೂ ತರವಾಡು ಮನೆಗೆ ಬರುತ್ತಾರೆ. ಬರದಿದ್ದರೆ ಯಾವ ಕೋರ್ಟೂ ಕೇಳುವುದಿಲ್ಲ. ಯಾವ ಯಜಮಾನನೂ ಪಾಲು ನಿಲ್ಲಿಸುವುದಿಲ್ಲ. ಆದರೂ ಬರುತ್ತಾರೆ, ಖರ್ಚಿನ ತಮ್ಮ ಅಂಶವನ್ನು ಕಟ್ಟುತ್ತಾರೆ, ಬಿದ್ದ ಚಾವಡಿಯಿದ್ದರೆ ಕೂಡಿ ಮತ್ತೆ ಕಟ್ಟುತ್ತಾರೆ. ಕಾನೂನು ಸಡಿಲಿಸಿದ ಮೇಲೆ ಉಳಿದ ಈ ನಂಟು ಕಾನೂನಿನ ಹಗ್ಗದ್ದಲ್ಲ. ಚುಚ್ಚದೆ ಕಟ್ಟಿದ ಮಲ್ಲಿಗೆಯ ನಾರಿಗೆ ಹೋಲಿಸಬಹುದಾದದ್ದು.

ಮನೆ, ಸಂಘ, ಊರು, ಭಾಷೆ ಇವನ್ನೆಲ್ಲ ಕಟ್ಟಬೇಕೆಂದು ನಾವು ಸಭೆಗಳಲ್ಲಿ ಹೇಳುತ್ತಲೇ ಇರುತ್ತೇವೆ. ಕಟ್ಟಬೇಕು, ನಿಜ. ಕಟ್ಟುವವರು ಎರಡು ಪ್ರಶ್ನೆಗಳನ್ನು ತಾವೇ ಕೇಳಿಕೊಂಡರೆ ಒಳ್ಳೆಯದು. ನಾವು ಕೂಡಿಸುತ್ತಿರುವ ಎರಡೂ ಬೇರೆ ಬೇರೆ ವಸ್ತುಗಳೆಂಬ ನೆನಪು ನಮಗಿದೆಯೇ? ಗಂಟಿನ ತುದಿ ಕಟ್ಟಿಸಿಕೊಂಡವರ ಕೈಗೆ ಎಟಕುವಂತಿದೆಯೇ? ಈ ಎರಡಕ್ಕೂ ‘ಹೌದು’ ಎನ್ನಬಹುದಾದ ಕಟ್ಟನ್ನು ಜನರು ತಾವಾಗಿ ಉಳಿಸಿಕೊಳ್ಳುತ್ತಾರೆ. ಇಲ್ಲವೆನ್ನಬೇಕಾದಲ್ಲಿ ಮುರಿಯುವ ದಿನಕ್ಕಾಗಿ ಕಾಯುತ್ತಾರೆ.

ಇನ್ನು ಓದುಗರಿಗೆ ಒಂದು ಸಣ್ಣ ಕೆಲಸ. ನಿಮ್ಮ ಮನೆಯಲ್ಲಿ ತುಳುವೋ, ಕೊಂಕಣಿಯೋ, ಬ್ಯಾರಿಯೋ, ಕುಂದಾಪುರದ ಕನ್ನಡವೋ, ಯಾವುದಾದರೂ ಇರಲಿ. ಹಿರಿಯರ ಬಾಯಲ್ಲಿ ‘ಕಟ್ಟು’ವಿಗೆ ಸರಿಯಾಗಿ ಬರುವ ಮಾತು ಎಷ್ಟು ಬಗೆಯಲ್ಲಿ ಆಡುತ್ತದೆಂದು ಒಂದು ವಾರ ಕಿವಿಗೊಟ್ಟು ಬರೆದಿಡಿ, ಪ್ರತಿಯೊಂದರ ಎದುರಿಗೂ ಅದರ ಎದುರುಮಾತನ್ನು ಬರೆಯಿರಿ. ಪಟ್ಟಿ ಉದ್ದವಾಗುತ್ತದೆ. ಅದರಲ್ಲಿ ‘ಬಿಚ್ಚು’ ಎಷ್ಟು ಕಡೆ ಬಂತು, ‘ಮುರಿ’ ಎಷ್ಟು ಕಡೆ ಬಂತು ಎಂದು ಎಣಿಸಿ ನೋಡಿದರೆ ನಿಮ್ಮ ಮನೆಯ ಸಂಗತಿಯೂ ಸ್ವಲ್ಪ ತಿಳಿದೀತು.